'ಒಪ್ಪಪ್ಪೀ' ಅಂದ್ರೆ ಏನು? ಜಪಾನಿ ಕಾಮಿಡಿ ಬಲ್ಲವರು ಹೇಳಿ

ಪ್ರಶ್ನೆ: ಜಪಾನಿ ಸುದ್ದಿ ಅರ್ಥವಾಗುತ್ತೆ, ಕಾಮಿಡಿ ಶೋ ಮಾತ್ರ ತಲೆಗೆ ಹತ್ತಲ್ಲ. 'ಗಚೋನ್', 'ಒಪ್ಪಪ್ಪೀ' ಇವೆಲ್ಲ ಏನು? ಎಲ್ಲಿಂದ ಶುರು ಮಾಡ್ಲಿ?

ಉತ್ತರ 1: ನಿಘಂಟು ಪಕ್ಕಕ್ಕಿಡಿ. ಇಂಥವಕ್ಕೆ 'ಇಪ್ಪತ್ಸು ಗ್ಯಾಗು' ಅಂತಾರೆ, ಒಂದೇ ಏಟಿನ ತಮಾಷೆ. ಮೊದಲ ಸಲ ಸೌಂಡ್ ಆಫ್ ಮಾಡಿ ಕೈ ನೋಡಿ. 1960ರ ದಶಕದ ಹಾಸ್ಯನಟ ತಾನಿ ಕೇಯ್ 'ಗಚೋನ್' ಅನ್ನುವಾಗ ಕೈ ಮುಂದೆ ಚಾಚಿ, ಗಾಳಿಯನ್ನೇ ಹಿಡಿದಂತೆ ಹಿಂದಕ್ಕೆಳೆಯುತ್ತಿದ್ದರು. ಆ ಎಳೆತವೇ ಅರ್ಥ. ಹಾಸ್ಯಗಾರ ಬೀಟೊ ತಕೆಶಿಯ 'ಕೊಮಾನೆಚಿ' ಬರೀ ಹೆಸರು: 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ ಜಿಮ್ನಾಸ್ಟ್ ನಾದಿಯಾ ಕೊಮನೆಚಿ. ತಕೆಶಿಯ ಕೈಗಳು ನಾದಿಯಾ ಉಡುಪಿನ ಅಂಚನ್ನು ತನ್ನ ತೊಡೆ ಪಕ್ಕ ಗೆರೆ ಎಳೆದಂತೆ ತೋರಿಸುತ್ತವೆ, ಅಷ್ಟೇ.

ಉತ್ತರ 2: ಎಲ್ಲವೂ ಅರ್ಥವಿಲ್ಲದ್ದಲ್ಲ. 2007ರಲ್ಲಿ ಹಾಸ್ಯಗಾರ ಕೊಜಿಮಾ ಯೊಶಿಯೊ ಕುಣಿದು ಹೇಳುತ್ತಿದ್ದ 'ಸೊನ್ನಾ ನೊ ಕಂಕೇ ನೇ' ಅಂದ್ರೆ 'ಅದೆಲ್ಲ ಲೆಕ್ಕಕ್ಕಿಲ್ಲ'. ಪಾಠದ 'ನಾಯ್' (ಇಲ್ಲ) ಒರಟು ಮಾತಲ್ಲಿ 'ನೇ' ಆಗುತ್ತೆ. 'ಉಮಾಯ್' (ರುಚಿಯಾಗಿದೆ) ಕೂಡ ಹೀಗೇ 'ಉಮೇ'. ಕೊಜಿಮಾ ಮಾತಿನ ಬಾಲಕ್ಕೆ ಅಂಟಿದ 'ಒಪ್ಪಪ್ಪೀ' ಮಾತ್ರ ಬರೀ ಸದ್ದು. ಅದು 'ಓಷನ್ ಪೆಸಿಫಿಕ್ ಪೀಸ್' ಅಂತ ಅವರೇ ಹೇಳಿದ್ದುಂಟು, ಅದೂ ತಮಾಷೆಯೇ!

ಜೋಡಿ ಹಾಸ್ಯ ಮಂಜಾಯ್‌ನಲ್ಲಿ ಪೆದ್ದು ಮಾತಾಡೋನು 'ಬೊಕೆ', ತಿದ್ದೋನು 'ತ್ಸುಕ್ಕೊಮಿ'. ಜೋಕ್ ತಪ್ಪಿತಾ? ತಿದ್ದಿದ ಮಾತು ಕೇಳಿ, ಒಂದು ಸಾಲು ಹಿಂದಕ್ಕೆ ಹೋಗಿ. ಎಡವಟ್ಟು ಅಲ್ಲೇ ಇರುತ್ತೆ. ಒಸಾಕಾ ಕಡೆಯ ತ್ಸುಕ್ಕೊಮಿ ಹೇಳೋ 'ನಂದೆಯಾನೆನ್' ಅನ್ನು 'ಯಾಕೆ?' ಅಂತ ಅನುವಾದಿಸಿದ್ರೆ ಕೆಟ್ಟಿರಿ. 'ಏನ್ ನಿನ್ ತಲೆ!' ಹತ್ತಿರ.

ಉತ್ತರ 3: ಹುಡುಕೋವಾಗ ದೀರ್ಘ, ಒತ್ತು ತಪ್ಪಿದ್ರೆ ಏನೂ ಸಿಗಲ್ಲ. ರೋಮನ್ ಅಕ್ಷರದ ಕೀಲಿಮಣೆಯಲ್ಲಿ 'ಒಪ್ಪಪ್ಪೀ'ಗೆ ಎರಡೂ ಕಡೆ 'ಪಿ' ಎರಡೆರಡು ಸಲ, ಕೊನೆಯ ದೀರ್ಘಕ್ಕೆ ಹೈಫನ್. ಜಪಾನಿಯ ಕತಕಾನಾ ಲಿಪಿಗೆ ಬದಲಿಸಿ, ಪಕ್ಕದಲ್ಲಿ 'ಮೊತೊನೆತಾ' (ಮೂಲ) ಸೇರಿಸಿ. ಯಾರದು, ಯಾವಾಗಿನದು ಬಂದುಬಿಡುತ್ತೆ.

ಸದ್ದಿನ ಪದಗಳಿಗೆ ಹೆದರಬೇಡಿ, ಪಿಳಿಪಿಳಿ, ಗಿಜಿಗಿಜಿ ಅನ್ನೋ ನಮಗೆ ಇದು ಸಲೀಸು. ಜೋಕ್ ನೆಲಕಚ್ಚಿದಾಗ ('ಸುಬೆರು', ಜಾರಿತು ಅಂತಾರೆ) ಬರುವ 'ಶೀನ್' ನಮ್ಮ 'ಬಿಕೋ'. ಸದ್ದಿಲ್ಲದ್ದಕ್ಕೂ ಒಂದು ಸದ್ದು!

ಉತ್ತರ 4: ಚಾಟ್‌ನ 'ಡಬ್ಲ್ಯೂ' (w) ಅಂದ್ರೆ 'ವರಾಯ್', ನಗು. ಸಾಲಾಗಿ ಒತ್ತಿದ್ರೆ (wwww) ಹುಲ್ಲಿನಂತೆ ಕಾಣೋದ್ರಿಂದ ಈಗ ಬರೀ 'ಕುಸಾ', ಹುಲ್ಲು. ಆಫೀಸ್ ಮೇಲ್‌ನಲ್ಲಿ ಮಾತ್ರ ಬೇಡ. ಹಳೇ ಗ್ಯಾಗ್ ಬಳಸೋ ಮುಂಚೆಯೂ ನೋಡಿಕೊಳ್ಳಿ: ಕಾಲ ಮುಗಿದಿದ್ರೆ ಅದನ್ನ 'ಶಿಗೊ', ಸತ್ತ ಮಾತು ಅಂತಾರೆ.