ಶೇಕಡಾ ಹೆಚ್ಚಳ, ಶೇಕಡಾ ಇಳಿಕೆ: ನೀವು ಮಕ್ಕಳಿಗೆ ಹೇಗೆ ಹೇಳಿಕೊಟ್ಟಿರಿ?

ಪ್ರಶ್ನೆ (ಏಳನೇ ತರಗತಿ ಹುಡುಗಿಯ ತಾಯಿ):

ಮಗಳಿಗೆ ಲೆಕ್ಕ ಅಂದರೆ ಭಯವೇನಿಲ್ಲ. ಭಿನ್ನರಾಶಿ, ದಶಮಾಂಶ ಎರಡೂ ಚೆನ್ನಾಗಿ ಬರುತ್ತವೆ. ಆದರೆ ಶೇಕಡಾ ಹೆಚ್ಚಳ, ಇಳಿಕೆ ಬಂದ ಕೂಡಲೇ ಎಡವುತ್ತಾಳೆ. ಸೂತ್ರ ಬಾಯಿಪಾಠ ಇದೆ. ಆದರೂ 80 ಇದ್ದದ್ದು 100 ಆದರೆ ಶೇ 25 ಹೆಚ್ಚಳ ಎಂದು ಸರಿಯಾಗಿ ಬರೆದು, 100 ಇದ್ದದ್ದು 80 ಆದರೆ ಅದೂ ಶೇ 25 ಇಳಿಕೆ ಎನ್ನುತ್ತಾಳೆ.

ಇನ್ನೊಂದು ಲೆಕ್ಕ ಹೀಗಿತ್ತು: 'ಒಂದು ಸಂಖ್ಯೆಯನ್ನು ಶೇ 20ರಷ್ಟು ಹೆಚ್ಚಿಸಿದಾಗ 360 ಆಯಿತು. ಆ ಸಂಖ್ಯೆ ಯಾವುದು?' ಅವಳು 360ರ ಶೇ 20 ಎಂದು 72 ತೆಗೆದಳು. ಅದನ್ನು ಕಳೆದು 288 ಎಂದು ಬರೆದಳು. ಸರಿಯಾದ ಉತ್ತರ 300. ಎಲ್ಲಿ ತಪ್ಪಿತು ಎಂದು ತೋರಿಸಿದರೆ ಹೂಂ ಎನ್ನುತ್ತಾಳೆ, ಮರುದಿನ ಮತ್ತೆ ಅದೇ ಕಥೆ. ಇದನ್ನು ಹೇಳಿಕೊಟ್ಟು ಅನುಭವ ಇರುವವರು ದಯವಿಟ್ಟು ಹೇಳಿ.

ಪ್ರೌಢಶಾಲೆಯ ಗಣಿತ ಶಿಕ್ಷಕಿ:

ಮೇಡಂ, ಅವಳ ಎರಡೂ ತಪ್ಪಿನ ಬೇರು ಒಂದೇ. ಶೇಕಡಾ ಎಂದಾಗ ಯಾವುದರ ಶೇಕಡಾ ಎಂದು ಅವಳು ಕೇಳಿಕೊಳ್ಳುತ್ತಿಲ್ಲ. ಕಣ್ಣಿಗೆ ಬಿದ್ದ ಸಂಖ್ಯೆಯನ್ನೇ ನೂರು ಎಂದುಕೊಳ್ಳುತ್ತಾಳೆ. ನನ್ನ ತರಗತಿಯಲ್ಲೂ ಜಾಸ್ತಿ ಮಕ್ಕಳು ಎಡವುವುದು ಇಲ್ಲೇ. ಗುಣಾಕಾರ, ಭಾಗಾಕಾರದಲ್ಲಿ ಅಲ್ಲ.

ಹೆಚ್ಚಳವಾಗಲಿ ಇಳಿಕೆಯಾಗಲಿ, ಬದಲಾಗುವ ಮೊದಲು ಏನಿತ್ತೋ ಅದೇ ಶೇ 100. ಹಾಗಾಗಿ ನಾನು ಸೂತ್ರವನ್ನು ಸ್ವಲ್ಪ ದಿನ ಬದಿಗಿಟ್ಟು ಪಟ್ಟಿಯ ಚಿತ್ರ ಬರೆಸುತ್ತೇನೆ. ಒಂದು ಉದ್ದ ಪಟ್ಟಿ ಎಳೆಯಿರಿ, ಅದು 80. ಅದನ್ನು ಇಪ್ಪತ್ತರ ನಾಲ್ಕು ತುಂಡು ಮಾಡಿ. 100 ಆಗಬೇಕಾದರೆ ಇನ್ನೊಂದು ತುಂಡು ಸೇರಿಸಬೇಕು. ನಾಲ್ಕು ತುಂಡಿಗೆ ಒಂದು ಸೇರಿತು, ಅಂದರೆ ಶೇ 25. ಈಗ ತಿರುಗಿಸಿ. ಕೈಯಲ್ಲಿರುವ ಪಟ್ಟಿ 100, ಅದರಲ್ಲಿ ಐದು ತುಂಡು. ಒಂದನ್ನು ತೆಗೆದರೆ ಐದರಲ್ಲಿ ಒಂದು ಹೋಯಿತು, ಅಂದರೆ ಶೇ 20. ಬಂದದ್ದೂ ಇಪ್ಪತ್ತೇ, ಹೋದದ್ದೂ ಇಪ್ಪತ್ತೇ. ಆದರೆ ಮೊದಲ ಸಲ ಅದನ್ನು ನಾಲ್ಕು ತುಂಡಿನ ಪಕ್ಕ ಇಟ್ಟು ನೋಡಿದೆವು, ಎರಡನೇ ಸಲ ಐದು ತುಂಡಿನ ಪಕ್ಕ. ಇದನ್ನು ನೀವು ಹೇಳಬೇಡಿ. ಅವಳೇ ಬರೆದು, ಅವಳೇ ಎಣಿಸಲಿ.

360ರ ಲೆಕ್ಕಕ್ಕೂ ಇದೇ ಪಟ್ಟಿ ಸಾಕು. ಮೊದಲಿದ್ದ ಸಂಖ್ಯೆ ಗೊತ್ತಿಲ್ಲ, ಪರವಾಗಿಲ್ಲ. ಅದು ಶೇ 100. ಅದನ್ನು ಐದು ಸಮ ಭಾಗ ಮಾಡಿದರೆ ಒಂದೊಂದು ಭಾಗವೂ ಶೇ 20. ಒಂದು ಭಾಗ ಸೇರಿಸಿದೆವು, ಒಟ್ಟು ಆರು. ಆ ಆರು ಭಾಗ ಸೇರಿ 360. ಹಾಗಾದರೆ ಒಂದು ಭಾಗ 60, ಮೊದಲಿದ್ದ ಐದು ಭಾಗ 300. ಅದೇ 360 ಎನ್ನುವುದು ಶೇ 20 ಇಳಿದ ಮೇಲೆ ಬಂದ ಸಂಖ್ಯೆಯಾಗಿದ್ದರೆ? ಆಗ ಉಳಿದದ್ದು ನಾಲ್ಕು ಭಾಗ, ಒಂದಕ್ಕೆ 90, ಮೊದಲಿದ್ದದ್ದು 450. ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕದಲ್ಲೇ ಮಾಡಿಸಿ.

ಇನ್ನೊಂದು ಅಭ್ಯಾಸ. ಯಾವ ಲೆಕ್ಕವಾದರೂ ಮೊದಲ ಸಾಲಿನಲ್ಲಿ 'ಶೇ 100 ಅಂದರೆ ಇಲ್ಲಿ ಯಾವುದು?' ಎಂದು ಬರೆದು, ಅದರ ಮುಂದೆ ಉತ್ತರ ಬರೆಯಲಿ. ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ, ಅದನ್ನೇ ಹುಡುಕಬೇಕು' ಎಂದು ಬರೆಯಲಿ. ಆ ಸಾಲು ಬರೆದ ಮೇಲೆ 360ರ ಶೇ 20 ತೆಗೆಯಲು ಅವಳ ಕೈಯೇ ಹೋಗುವುದಿಲ್ಲ.

ಅಂಕಿಅಂಶಗಳ ಕೆಲಸ ಮಾಡುವವರೊಬ್ಬರು:

ಮೇಡಂ ಹೇಳಿದ್ದು ಸರಿ. ಆದರೆ ಪಟ್ಟಿಯಲ್ಲೇ ನಿಂತುಬಿಡಬೇಡಿ. ಶೇ 17 ಹೆಚ್ಚಳ, ಶೇ 3.5 ಇಳಿಕೆ ಬಂದರೆ ತುಂಡು ಮಾಡುವುದು ಕಷ್ಟ. ನಾನು ತಮ್ಮನ ಮಗನಿಗೆ ಗುಣಿಸುವ ದಾರಿ ತೋರಿಸಿದೆ. ಶೇ 20 ಹೆಚ್ಚಿದರೆ ನೂರು ಇದ್ದದ್ದು ನೂರಿಪ್ಪತ್ತಾಯಿತು, ಅಂದರೆ 1.2ರಿಂದ ಗುಣಿಸು. ಶೇ 15 ಇಳಿದರೆ ನೂರರಲ್ಲಿ ಎಂಬತ್ತೈದು ಉಳಿಯಿತು, 0.85ರಿಂದ ಗುಣಿಸು. ಹಿಂದಕ್ಕೆ ಹೋಗಬೇಕಾದರೆ ಅದೇ ಸಂಖ್ಯೆಯಿಂದ ಭಾಗಿಸು: 360 ÷ 1.2 = 300.

ಇದರ ನಿಜವಾದ ಲಾಭ ಗೊತ್ತಾಗುವುದು ಒಂದರ ಮೇಲೊಂದು ಬದಲಾವಣೆ ಬಂದಾಗ. ಶೇ 20 ಏರಿ, ಮತ್ತೆ ಶೇ 30 ಏರಿದರೆ ಸುಮ್ನೆ ಕೂಡಿಸಿ ಶೇ 50 ಎನ್ನುವ ಆಸೆ ಎಲ್ಲರಿಗೂ ಬರುತ್ತದೆ. 1.2 × 1.3 = 1.56, ಅಂದರೆ ಶೇ 56. ಎರಡನೇ ಏರಿಕೆ, ಮೊದಲ ಏರಿಕೆಯಿಂದ ಬಂದದ್ದರ ಮೇಲೂ ಆಗುತ್ತದೆ ಅಲ್ವಾ, ಆ ಹೆಚ್ಚುವರಿ 6 ಅದೇ. ಶೇ 10 ಏರಿ ಶೇ 10 ಇಳಿದರೆ 1.1 × 0.9 = 0.99. ಇದ್ದಲ್ಲಿಗೆ ಬರುವುದಿಲ್ಲ, ಶೇ 1 ಕಡಿಮೆ. ಮೊದಲು ಇಳಿದು ಆಮೇಲೆ ಏರಿದರೂ ಉತ್ತರ ಅದೇ, ಯಾಕೆಂದರೆ ಗುಣಾಕಾರಕ್ಕೆ ಹಿಂದುಮುಂದು ಇಲ್ಲ. ಶೇ 50 ಏರಿ ಶೇ 50 ಇಳಿದರಂತೂ 1.5 × 0.5 = 0.75, ಕಾಲು ಭಾಗವೇ ಹೋಯಿತು.

ಒಂದು ಕಡೆ ಮಾತ್ರ ಕಣ್ಣಿಡಿ. ಶೇ 5 ಹೆಚ್ಚಳಕ್ಕೆ ಮಕ್ಕಳು 1.5 ಬರೆಯುತ್ತಾರೆ. ಅದು 1.05.

ಗಣಿತ ಶಿಕ್ಷಕಿ:

ಗುಣಿಸುವ ದಾರಿ ಬೇಕೇ ಬೇಕು ಸರ್. ಆದರೆ ಪಟ್ಟಿ ಮನಸ್ಸಿನಲ್ಲಿ ಕೂತ ಮೇಲೆ ಕೊಡಿ ಎನ್ನುತ್ತೇನೆ. ಮೊದಲೇ ಕೊಟ್ಟರೆ 1.2 ಕೂಡ ಇನ್ನೊಂದು ಬಾಯಿಪಾಠ ಆಗುತ್ತದೆ. ಗುಣಿಸಬೇಕೋ ಭಾಗಿಸಬೇಕೋ ಎಂದು ಮತ್ತೆ ಅದೇ ಗೊಂದಲ. ಮತ್ತೆ, ಪರೀಕ್ಷೆಯಲ್ಲಿ ಹಂತ ಹಂತಕ್ಕೆ ಅಂಕ ಕೊಡುವ ಕಡೆ, ಶಾಲೆಯಲ್ಲಿ ಹೇಳಿಕೊಟ್ಟ ಸೂತ್ರವನ್ನು ಒಂದು ಸಾಲು ಬರೆಯಲಿ. ವ್ಯತ್ಯಾಸವನ್ನು ಮೊದಲಿನ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸುವುದು, ಅಷ್ಟೇ. ಪಟ್ಟಿ ಅರ್ಥವಾದ ಮಗುವಿಗೆ ಆ ಸೂತ್ರದಲ್ಲಿ ಛೇದ ಯಾವುದು ಎಂದು ನೆನಪಿಟ್ಟುಕೊಳ್ಳುವ ಕೆಲಸವೇ ಇರುವುದಿಲ್ಲ.

ಎಂಟನೇ ತರಗತಿ ಹುಡುಗನ ತಂದೆ:

ನಮ್ಮ ಮನೆಯಲ್ಲಿ ಕೆಲಸ ಮಾಡಿದ್ದು ತಾಳೆ ನೋಡುವ ಅಭ್ಯಾಸ. ಬಂದ ಉತ್ತರವನ್ನು ಪ್ರಶ್ನೆಗೆ ವಾಪಸ್ ಹಾಕಿಸುತ್ತೇನೆ. ನಿಮ್ಮ ಮಗಳ 288 ತೆಗೆದುಕೊಳ್ಳಿ. ಅದರ ಶೇ 20 ಅಂದರೆ 57.6. ಕೂಡಿಸಿದರೆ 345.6. ಪ್ರಶ್ನೆಯಲ್ಲಿ 360 ಇದೆ. ತಪ್ಪು ಎಂದು ನಾವು ಹೇಳಬೇಕಾಗಿಲ್ಲ, ಸಂಖ್ಯೆಯೇ ಹೇಳುತ್ತದೆ. ದೊಡ್ಡವರು ತೋರಿಸಿದ ತಪ್ಪನ್ನು ಮಕ್ಕಳು ಬೇಗ ಮರೆಯುತ್ತಾರೆ. ತಾವೇ ಹಿಡಿದದ್ದು ಉಳಿಯುತ್ತದೆ, ಇದು ನಾನು ಮಗನಲ್ಲಿ ಕಣ್ಣಾರೆ ನೋಡಿದ್ದು.

ಬಾಯಿಲೆಕ್ಕಕ್ಕೆ ಶೇ 10ರಿಂದ ಶುರು ಮಾಡಿ. 640ರ ಶೇ 10 ಅಂದರೆ 64, ಅದರ ಅರ್ಧ ಶೇ 5, ಅಂದರೆ 32. ಎರಡೂ ಸೇರಿ ಶೇ 15, ಅಂದರೆ 96. ಇನ್ನೊಂದು ಚೆಂದದ ವಿಷಯ, 25ರ ಶೇ 16 ಮತ್ತು 16ರ ಶೇ 25 ಎರಡೂ ಒಂದೇ. ಮೊದಲನೆಯದು ಕಷ್ಟ ಎನಿಸುತ್ತದೆ, ಎರಡನೆಯದು ಹದಿನಾರರ ಕಾಲು ಭಾಗ, ನಾಲ್ಕು. ಮಗ ಇದನ್ನು ಕೇಳಿ ಯಾಕೆ ಹೀಗೆ ಎಂದು ತಾನೇ ಕೂತು ಬಿಡಿಸಿದ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಧನ್ಯವಾದ. ಪಟ್ಟಿ ಬರೆಸಿದೆ. 80, 100ರ ಗೊಂದಲ ಹೋಗಿದೆ. 'ಶೇ 100 ಯಾವುದು' ಎನ್ನುವ ಸಾಲನ್ನು ಈಗ ತಾನಾಗಿಯೇ ಬರೆಯುತ್ತಾಳೆ. ಆದರೆ ಹೊಸ ಪ್ರಶ್ನೆ ಹಿಡಿದು ಬಂದಿದ್ದಾಳೆ. ಶೇ 25 ಏರಿದ್ದು ಶೇ 20 ಇಳಿದರೆ ಮೊದಲಿದ್ದಲ್ಲಿಗೆ ಬರುತ್ತದೆ. ಹಾಗಾದರೆ ಶೇ 50 ಏರಿದರೆ ಎಷ್ಟು ಇಳಿಯಬೇಕು? ಇದಕ್ಕೊಂದು ನಿಯಮ ಇದೆಯಾ ಅಂತ ಕೇಳುತ್ತಿದ್ದಾಳೆ.

ಗಣಿತ ಶಿಕ್ಷಕಿ:

ಇದು ನನಗೆ ತುಂಬಾ ಖುಷಿ ಕೊಟ್ಟ ಪ್ರಶ್ನೆ! ಇಲ್ಲಿ ಶೇಕಡಾ ಬಿಟ್ಟು ಭಿನ್ನರಾಶಿಗೆ ಬರಲಿ, ಅದು ಅವಳಿಗೆ ಚೆನ್ನಾಗಿ ಬರುತ್ತದೆ ಎಂದಿರಲ್ಲ. ಕಾಲು ಭಾಗ ಏರಿದರೆ ಐದನೇ ಒಂದು ಭಾಗ ಇಳಿಯಬೇಕು. ಮೂರನೇ ಒಂದು ಭಾಗ ಏರಿದರೆ ನಾಲ್ಕನೇ ಒಂದು ಭಾಗ. ಅರ್ಧ ಏರಿದರೆ ಮೂರನೇ ಒಂದು ಭಾಗ, ಅಂದರೆ ಸುಮಾರು ಶೇ 33.33. ಇಮ್ಮಡಿಯಾದರೆ, ಅಂದರೆ ಶೇ 100 ಏರಿದರೆ, ಅರ್ಧ. ಛೇದಕ್ಕೆ ಪ್ರತಿ ಸಲ ಒಂದು ಕೂಡುತ್ತಿದೆ. ಏರುವಾಗ ಒಂದು ತುಂಡು ಹೊಸದಾಗಿ ಸೇರುತ್ತದೆ, ಇಳಿಯುವಾಗ ಆ ತುಂಡನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅದಕ್ಕೇ ಹೀಗೆ.

ವೇಗ, ಕಾಲದ ಲೆಕ್ಕದಲ್ಲೂ ಇದೇ ಬರುತ್ತದೆ. ದೂರ ಅಷ್ಟೇ ಇದ್ದು ವೇಗ ಶೇ 25 ಹೆಚ್ಚಿದರೆ ಹಿಡಿಯುವ ಸಮಯ ಶೇ 20 ಕಡಿಮೆಯಾಗುತ್ತದೆ. ಆ ಪಾಠ ಬಂದಾಗ ನೆನಪಿಸಿ.

ಅಂಕಿಅಂಶಗಳ ಕೆಲಸ ಮಾಡುವವರೊಬ್ಬರು:

ಒಂದು ಮಾತು ಸೇರಿಸುತ್ತೇನೆ, ಇದು ದೊಡ್ಡವರಿಗೂ ಬೇಕು. ಒಂದು ಶಾಲೆಯಲ್ಲಿ ಪ್ರಥಮ ದರ್ಜೆಯವರು ಶೇ 40 ಇದ್ದರು, ಈಗ ಶೇ 50 ಆದರು ಎಂದುಕೊಳ್ಳಿ. ಹೆಚ್ಚಳ ಎಷ್ಟು? ಶೇ 10 ಎಂದರೆ ತಪ್ಪು. ಹೆಚ್ಚಿದ್ದು 10 ಪರ್ಸೆಂಟೇಜ್ ಪಾಯಿಂಟ್, ಅಂದರೆ ಎರಡು ಶೇಕಡಾಗಳ ನಡುವಿನ ನೇರ ವ್ಯತ್ಯಾಸ. ಶೇಕಡಾ ಹೆಚ್ಚಳ ಬೇಕಾದರೆ 40ರ ಮೇಲೆ 10, ಅಂದರೆ ಶೇ 25. ಸುದ್ದಿಗಳಲ್ಲಿ ಇವೆರಡೂ ಕಲಸುಮೇಲೋಗರ ಆಗುತ್ತಲೇ ಇರುತ್ತವೆ. ಮಗಳಿಗೆ ಈಗಲೇ ಗೊತ್ತಾದರೆ ಒಳ್ಳೆಯದು.

ಸೊನ್ನೆಯಿಂದ ಶುರುವಾದ ಹೆಚ್ಚಳಕ್ಕೆ ಶೇಕಡಾ ಹೇಳಲು ಆಗುವುದಿಲ್ಲ ಎಂಬುದನ್ನೂ ಹೇಳಿ. ಸೊನ್ನೆಯಿಂದ ಭಾಗಿಸುವುದು ಹೇಗೆ? ಇನ್ನು ಮೂರು ಪಟ್ಟಾಯಿತು ಎಂದರೆ ಹೆಚ್ಚಳ ಶೇ 200, ಶೇ 300 ಅಲ್ಲ.

ಗಣಿತ ಶಿಕ್ಷಕಿ:

ಅವಳಿಗೆ ಮೂರು ಲೆಕ್ಕ ಕೊಡುತ್ತೇನೆ, ಪಟ್ಟಿ ಅಥವಾ ಚಿತ್ರ ಬರೆದೇ ಮಾಡಲಿ. ಒಂದು, ಚೌಕದ ಬಾಹು ಶೇ 10 ಹೆಚ್ಚಿದರೆ ವಿಸ್ತೀರ್ಣ ಎಷ್ಟು ಹೆಚ್ಚುತ್ತದೆ? ಎರಡು, ಆಯತದ ಉದ್ದ ಶೇ 20 ಹೆಚ್ಚಿ, ಅಗಲ ಶೇ 20 ಕಡಿಮೆಯಾದರೆ ವಿಸ್ತೀರ್ಣ ಏನಾಗುತ್ತದೆ? ಮೂರು, ಒಂದು ಸಂಖ್ಯೆ ಶೇ 40 ಇಳಿದು 150 ಆಯಿತು, ಮತ್ತೆ ಮೊದಲಿನಷ್ಟಾಗಲು ಶೇ ಎಷ್ಟು ಏರಬೇಕು?

ನೀವು ತಾಳೆ ನೋಡಲು ಉತ್ತರಗಳು: ಶೇ 21 ಹೆಚ್ಚಳ, ಶೇ 4 ಇಳಿಕೆ, ಮೂರನೆಯದಕ್ಕೆ ಮೊದಲಿದ್ದದ್ದು 250, ಏರಬೇಕಾದ್ದು ಸುಮಾರು ಶೇ 66.67. ಮೂರನೆಯದಕ್ಕೆ ಶೇ 40 ಎಂದು ಬರೆದರೆ ಗದರಬೇಡಿ, 150ರ ಶೇ 40 ಎಷ್ಟು ಎಂದು ಮಾತ್ರ ಕೇಳಿ.