ಪೆಗ್ಗಿ ಆಶ್‌ಕ್ರಾಫ್ಟ್ ಅವರಿಗೆ ಸಿನಿಮಾ ತಡವಾಗಿ ಒಲಿಯಿತೇ?

ಸಾವನದುರ್ಗದವ: ಡೇವಿಡ್ ಲೀನ್ ನಿರ್ದೇಶನದ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಮರಬಾರ್ ಗುಹೆಗಳ ದೃಶ್ಯಗಳನ್ನು ನಮ್ಮ ಸಾವನದುರ್ಗ, ರಾಮದೇವರ ಬೆಟ್ಟಗಳಲ್ಲಿ ಚಿತ್ರಿಸಿದರೆಂದು ತಿಳಿದ ಮೇಲೆ ಅದನ್ನು ಮತ್ತೊಮ್ಮೆ ನೋಡಿದೆ. ಅದರಲ್ಲಿನ ಶ್ರೀಮತಿ ಮೂರ್ ಪಾತ್ರಕ್ಕಾಗಿ 1985ರಲ್ಲಿ ಪೋಷಕ ನಟಿಯ ಆಸ್ಕರ್ ಪಡೆದಾಗ ಬ್ರಿಟಿಷ್ ನಟಿ ಪೆಗ್ಗಿ ಆಶ್‌ಕ್ರಾಫ್ಟ್ ಅವರಿಗೆ 77 ವರ್ಷ. ಇಂಥ ನಟಿಯನ್ನು ಚಿತ್ರರಂಗ ಅಷ್ಟು ಕಾಲ ಮೂಲೆಗೆ ತಳ್ಳಿದ್ದು ಅನ್ಯಾಯವಲ್ಲವೇ?

ಹವ್ಯಾಸಿ ರಂಗನಟಿ: ಮೂಲೆಗೆ ತಳ್ಳಿತು ಎಂಬ ಮಾತನ್ನು ಒಪ್ಪಲಾರೆ, ಸರ್. 1907ರಲ್ಲಿ ಕ್ರಾಯ್ಡನ್‌ನಲ್ಲಿ ಹುಟ್ಟಿದ ಅವರು 1930ರಲ್ಲೇ ಶೇಕ್ಸ್‌ಪಿಯರ್ ನಾಟಕದಲ್ಲಿ ಪಾಲ್ ರೋಬ್ಸನ್ ಅವರ ಒಥೆಲೊಗೆ ಹೆಂಡತಿ ಡೆಸ್ಡೆಮೋನಾ ಆಗಿದ್ದರು. ಕಪ್ಪು ನಟನೊಡನೆ ನಟಿಸಿದ್ದಕ್ಕೆ ದ್ವೇಷದ ಪತ್ರಗಳೂ ಬಂದವು. 1935ರಲ್ಲಿ ನಟರಾದ ಜಾನ್ ಗೀಲ್‌ಗುಡ್ ಮತ್ತು ಲಾರೆನ್ಸ್ ಒಲಿವಿಯೆ ರೋಮಿಯೋ, ಮರ್ಕ್ಯೂಶಿಯೋ ಪಾತ್ರಗಳನ್ನು ಅದಲುಬದಲು ಮಾಡಿಕೊಂಡ ಪ್ರಯೋಗದಲ್ಲಿ ಜೂಲಿಯೆಟ್ ಇವರೇ. 1956ರಲ್ಲಿ ಬ್ರಿಟನ್ನಿನ ಡೇಮ್ ಗೌರವ ಬಂದದ್ದೂ ರಂಗಭೂಮಿಯ ದುಡಿಮೆಗೆ. ರಂಗವನ್ನೇ ಮನೆ ಮಾಡಿಕೊಂಡವರ ಬದುಕನ್ನು ಆಸ್ಕರ್‌ನ ಗಜಕಡ್ಡಿಯಿಂದ ಅಳೆಯುವುದೇಕೆ?

ಹಳೆಯ ಚಿತ್ರಗಳ ಹುಚ್ಚ: ಇಬ್ಬರೂ ಒಂದನ್ನು ಮರೆತಿದ್ದೀರಿ. ಹಿಚ್‌ಕಾಕ್ ಅವರ ‘ದಿ 39 ಸ್ಟೆಪ್ಸ್’ ಬಂದದ್ದೂ 1935ರಲ್ಲೇ. ಅಲ್ಲಿ ಸಂಶಯಪಿಶಾಚಿ ಗಂಡನ ಹಳ್ಳಿಮನೆಯಲ್ಲಿ ಸಿಕ್ಕಿಬಿದ್ದ ಯುವತಿಯಾಗಿ ಅವರು ಕಾಣಿಸುವುದು ಕೆಲವೇ ನಿಮಿಷ. ಲಂಡನ್ನಿನ ಹೆಂಗಸರೆಲ್ಲ ಕಾಲುಗುರಿಗೆ ಬಣ್ಣ ಹಚ್ಚುತ್ತಾರಂತೆ, ನಿಜವೇ ಎಂದು ಕೇಳುವಾಗಿನ ಆಸೆ, ಪೊಲೀಸರು ಬರುತ್ತಿದ್ದಂತೆ ಗಂಡನ ಕೋಟನ್ನೇ ಅಪರಿಚಿತನಿಗೆ ತೊಡಿಸಿ ಕಳಿಸುವಾಗಿನ ಧೈರ್ಯ: ಇಷ್ಟರಲ್ಲೇ ಒಂದು ಇಡೀ ದಾಂಪತ್ಯ ಕಣ್ಣಿಗೆ ಕಟ್ಟುತ್ತದೆ. ಕ್ಯಾಮೆರಾ ಅವರಿಗೆ 77ರಲ್ಲಿ ಒಲಿದದ್ದಲ್ಲ.

ಸಾವನದುರ್ಗದವ: ಹಾಗಾದರೆ ನನ್ನ ದೂರು ಇನ್ನಷ್ಟು ಗಟ್ಟಿಯಾಯಿತು. ಅಷ್ಟು ಬಲ್ಲವರಿಗೆ ನಡುವೆ ಸಿಕ್ಕ ಚಿತ್ರಗಳು ಎಷ್ಟು ಕಡಿಮೆ! ನಾಟಕವೋ, ತೆರೆ ಬಿದ್ದೊಡನೆ ಮುಗಿದುಹೋಗುತ್ತದೆ.

ಹವ್ಯಾಸಿ ರಂಗನಟಿ: ಎಲ್ಲವೂ ಮುಗಿದುಹೋಗಿಲ್ಲ. ರಾಯಲ್ ಶೇಕ್ಸ್‌ಪಿಯರ್ ಕಂಪನಿ 1963ರಲ್ಲಿ ಆಡಿದ, ಶೇಕ್ಸ್‌ಪಿಯರ್‌ನ ಚಾರಿತ್ರಿಕ ನಾಟಕಗಳನ್ನು ಹೆಣೆದ ‘ದಿ ವಾರ್ಸ್ ಆಫ್ ದಿ ರೋಸಸ್’ ಅನ್ನು ಬಿಬಿಸಿ 1965ರಲ್ಲಿ ಪ್ರಸಾರ ಮಾಡಿತು. ಐವತ್ತು ದಾಟಿದ್ದ ಆಶ್‌ಕ್ರಾಫ್ಟ್ ಅದರಲ್ಲಿ ಹರೆಯದ ರಾಜಕುಮಾರಿಯಾಗಿ ಬಂದು, ಎಲ್ಲವನ್ನೂ ಕಳೆದುಕೊಂಡು ಶಪಿಸುವ ಮುದುಕಿ ರಾಣಿ ಮಾರ್ಗರೆಟ್ ಆಗುವವರೆಗೆ ಬೆಳೆಯುತ್ತಾರೆ. ಸೆರೆಸಿಕ್ಕ ಶತ್ರು, ಡ್ಯೂಕ್ ಯಾರ್ಕ್‌ನ ತಲೆಗೆ ಕಾಗದದ ಕಿರೀಟವಿಟ್ಟು, ಅವನ ಮಗನ ರಕ್ತದಲ್ಲಿ ಅದ್ದಿದ ವಸ್ತ್ರವನ್ನು ಕಣ್ಣೊರೆಸಿಕೊಳ್ಳಲು ಕೊಡುವವಳು ಈ ಮಾರ್ಗರೆಟ್. ಮಸೀದಿಗೆ ಬರಿಗಾಲಲ್ಲಿ ಬಂದು ವೈದ್ಯ ಅಜೀಜ್‌ನ ಕೋಪವನ್ನು ಮೆತ್ತಗಾಗಿಸುವ ನಿಮ್ಮ ಶ್ರೀಮತಿ ಮೂರ್ ಪಕ್ಕದಲ್ಲಿ ಇವಳನ್ನಿಟ್ಟು ನೋಡಿ.

ಸಾವನದುರ್ಗದವ: ನೋಡುತ್ತೇನೆ, ಮೇಡಂ. ಅನ್ಯಾಯ ಎಂಬ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ, ನಷ್ಟ ಎಂಬುದನ್ನು ಮಾತ್ರ ಬಿಡಲಾರೆ. ರೋಬ್ಸನ್ ಎದುರಿನ ಆ ಡೆಸ್ಡೆಮೋನಾಳನ್ನು ನೋಡಲು ನಮಗಿನ್ನು ದಾರಿಯಿಲ್ಲವಲ್ಲ.