ದಿನಾ ಲಿಂಕ್ ಹಾಕಿದರೂ ಪುಟಕ್ಕೆ ಜನ ಬರುತ್ತಿಲ್ಲ, ಏನು ಮಾಡಲಿ? (ಪ್ರಶ್ನೋತ್ತರ)

ಪ್ರಶ್ನೆ (ಡೊಂಬಿವಲಿ): ಮನೆಯಲ್ಲೇ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ, ಮಳೆಗಾಲದಲ್ಲಿ ಪತ್ರೊಡೆ ಮಾಡಿ ಥಾಣೆ, ಮುಲುಂಡ್, ಕಲ್ಯಾಣ್ ಕಡೆಗೆಲ್ಲ ಕಳಿಸುತ್ತೇವೆ. ವೆಬ್ ಪುಟ ಇದೆ, ಆರ್ಡರ್ ಅದರಲ್ಲೇ ಬರಬೇಕು ಅಂತ ಆಸೆ. ಜಾಹೀರಾತಿಗೆ ಹಾಕುವಷ್ಟು ದುಡ್ಡಿಲ್ಲ. ದಿನಾ ಬೆಳಿಗ್ಗೆ ಮುಂಬೈ ಕನ್ನಡಿಗರ ಇಪ್ಪತ್ತು ಗುಂಪುಗಳಿಗೆ ಲಿಂಕ್ ಹಾಕುತ್ತೇನೆ. ಲೈಕ್, ಕೈ ಮುಗಿಯುವ ಚಿತ್ರ ಎಲ್ಲ ಬರುತ್ತದೆ, ಪುಟಕ್ಕೆ ಮಾತ್ರ ಯಾರೂ ಬರುವುದಿಲ್ಲ. ಎರಡು ಗುಂಪಿನ ಅಡ್ಮಿನ್‌ಗಳು ನನ್ನನ್ನು ತೆಗೆದೇ ಹಾಕಿದರು. ಈ ಕೆಲಸ ಮಾಡುವವರು ಯಾರಾದರೂ ದಾರಿ ಹೇಳಿ.

ಉತ್ತರ (ಡಿಜಿಟಲ್ ಮಾರ್ಕೆಟಿಂಗ್, ಮುಲುಂಡ್): ಅಕ್ಕಾ, ಮೊದಲು ಇಪ್ಪತ್ತನ್ನು ನಾಲ್ಕಕ್ಕೆ ಇಳಿಸಿ. ಒಂದೇ ಲಿಂಕ್, ಒಂದೇ ಒಕ್ಕಣೆ ಸಾಲಾಗಿ ಇಪ್ಪತ್ತು ಕಡೆ ಬಿದ್ದರೆ ಅಡ್ಮಿನ್‌ಗಿಂತ ಮೊದಲು ಫೇಸ್‌ಬುಕ್ಕೇ ಅದನ್ನು ಸ್ಪ್ಯಾಮ್ ಎಂದು ಹಿಡಿಯುತ್ತದೆ. ನಾಲ್ಕು ಗುಂಪು ಸಾಕು. ಆದರೆ ಅಲ್ಲಿ ನಿಮ್ಮ ಹೆಸರು ಕಂಡರೆ ಜನ ನಿಂತು ಓದುವ ಹಾಗಿರಬೇಕು.

ಎರಡನೆಯದು ಇನ್ನೂ ಮುಖ್ಯ. ನೀವು ಹಂಚುತ್ತಿರುವುದು ಆರ್ಡರ್ ಪುಟ. ಅದೇ ಗಳಿಗೆಯಲ್ಲಿ ಹಪ್ಪಳ ಬೇಕೆನಿಸಿದವರು ಮಾತ್ರ ಅದನ್ನು ಒತ್ತುತ್ತಾರೆ, ಒತ್ತಿದವರೂ ಅದನ್ನು ಇನ್ನೊಬ್ಬರಿಗೆ ಕಳಿಸುವುದಿಲ್ಲ. ಖರ್ಚಿಲ್ಲದೆ ಜನ ಬರುವುದೆಂದರೆ ಒಬ್ಬರು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡುವುದು, ಅಷ್ಟೆ. ಹಾಗಾಗಿ ಫಾರ್ವರ್ಡ್ ಮಾಡಲು ಯೋಗ್ಯವಾದ ಪುಟ ಬೇರೆ ಇರಬೇಕು, ಆರ್ಡರ್ ಬಟನ್ ಅದರ ಅಡಿಯಲ್ಲಿರಬೇಕು.

ನಿಮ್ಮದೇ ಪತ್ರೊಡೆ ತೆಗೆದುಕೊಳ್ಳಿ. ಮುಂಬೈಯಲ್ಲಿ ಊರಿನ ಕೆಸುವಿನ ಎಲೆ ಹುಡುಕುವವರು ಬಹಳ. ಭಾಜಿ ಮಾರ್ಕೆಟ್‌ನಲ್ಲಿ ಅಳೂವಡಿಗೆಂದು ಮಾರುವ ಅಳೂ ಎಲೆ ನಡೆಯುತ್ತದೆಯೇ, ಯಾವ ಎಲೆ ಆರಿಸಬೇಕು, ನಾರು ಎಷ್ಟು ತೆಗೆಯಬೇಕು, ಗಂಟಲು ತುರಿಸುವುದು ಯಾಕೆ (ಎಲೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಚುಚ್ಚುವುದರಿಂದ), ಹುಣಸೆಹುಳಿ ಎಷ್ಟು ಹಾಕಬೇಕು, ಎಷ್ಟು ಹೊತ್ತು ಬೇಯಿಸಬೇಕು. ಇಷ್ಟನ್ನು 500–600 ಪದಗಳಲ್ಲಿ, ನಿಮ್ಮ ಕೈಯ ನಾಲ್ಕು ಫೋಟೊ ಜೊತೆ ಬರೆಯಿರಿ. ಕೊನೆಯಲ್ಲಿ "ಮಾಡಲು ಪುರುಸೊತ್ತಿಲ್ಲದವರಿಗೆ ನಾವು ಮಾಡಿ ಕಳಿಸುತ್ತೇವೆ" ಎಂಬ ಒಂದು ಸಾಲು ಮತ್ತು ಬಟನ್. ಜೂನ್ ಕೊನೆಗೆ ಹಾಕಿದರೆ ಶ್ರಾವಣ ಮುಗಿಯುವ ತನಕ ಓಡುತ್ತದೆ. ಚೌತಿಯ ತಿಂಡಿಗಳ ಪುಟವನ್ನು ಹಬ್ಬದ ಹಿಂದಿನ ದಿನ ಹಂಚಿ ಪ್ರಯೋಜನವಿಲ್ಲ, ಜನ ಸಾಮಾನು ತರುವ ಮೊದಲು ಹಂಚಬೇಕು, ಹತ್ತು–ಹನ್ನೆರಡು ದಿನ ಮುಂಚೆ.

ಗುಂಪಿನಲ್ಲಿ ಹಾಕುವಾಗ ಬರೀ ಲಿಂಕ್ ಎಸೆಯಬೇಡಿ. ತುರಿಕೆ ತಪ್ಪಿಸುವ ಉಪಾಯವನ್ನು ಅಲ್ಲೇ ಐದಾರು ಸಾಲಿನಲ್ಲಿ ಪೂರ್ತಿ ಹೇಳಿಬಿಡಿ, ಅಳತೆ–ಫೋಟೊಗಳಿಗೆ ಲಿಂಕ್ ಕೊಡಿ. "ಉಪಾಯ ತಿಳಿಯಲು ಕ್ಲಿಕ್ ಮಾಡಿ" ಎಂದು ಗುಟ್ಟು ಮಾಡಿದರೆ ಒಂದು ಸಲ ಒತ್ತುತ್ತಾರೆ, ಎರಡನೆಯ ಸಲ ದಾಟಿಕೊಂಡು ಹೋಗುತ್ತಾರೆ. ಹಾಕಿದ ಮೇಲೆ ಒಂದು ಗಂಟೆ ಅಲ್ಲೇ ಇದ್ದು ಕಾಮೆಂಟ್‌ಗಳಿಗೆ ಉತ್ತರಿಸಿ. ಮಾತುಕತೆ ನಡೆದ ಪೋಸ್ಟ್ ಮತ್ತೆ ಮೇಲೆ ಬರುತ್ತದೆ. ಇನ್ನೊಂದು, ಗುಂಪಿನ ಹುಡುಕುವ ಪೆಟ್ಟಿಗೆಯಲ್ಲಿ ಪತ್ರೊಡೆ, ಹಪ್ಪಳ, ಮಿಡಿ ಎಂದು ಹಾಕಿ ನೋಡಿ. "ಥಾಣೆಯಲ್ಲಿ ಎಲ್ಲಿ ಸಿಗುತ್ತದೆ" ಎಂದು ಕೇಳಿ ಉತ್ತರ ಸಿಗದೆ ಉಳಿದವರು ಕಾಣುತ್ತಾರೆ. ಕೇಳಿದವರಿಗೆ ಕೊಟ್ಟ ಲಿಂಕನ್ನು ಯಾವ ಅಡ್ಮಿನ್ನೂ ತೆಗೆಯುವುದಿಲ್ಲ.

ನೆರೆಹೊರೆಯ ಮರಾಠಿಯವರೂ ನಿಮ್ಮ ಗಿರಾಕಿಗಳೇ ಅಲ್ಲವೇ? ಅದೇ ಪುಟಕ್ಕೆ ಮರಾಠಿಯಲ್ಲೊಂದು ಜೋಡಿ ಪುಟ ಮಾಡಿ, ಸೊಸೈಟಿ ಗುಂಪಿಗೆ ಅದನ್ನು ಕಳಿಸಿ. ಒಂದೇ ಪುಟದಲ್ಲಿ ಎರಡೂ ಭಾಷೆ ಕಲಸಬೇಡಿ.

ಉತ್ತರ (ವೆಬ್ ಡೆವಲಪರ್, ಪುಣೆ): ಮೇಲಿನದಕ್ಕೆ ಒಂದು ತಾಂತ್ರಿಕ ಸೇರಿಕೆ. ಲಿಂಕ್ ಹಂಚಿದಾಗ ಕೆಳಗೆ ಚಿತ್ರ–ಶೀರ್ಷಿಕೆ ಇರುವ ಕಾರ್ಡ್ ಬರುತ್ತದಲ್ಲ, ಜನ ಒತ್ತುವುದು ಅದನ್ನೇ. ನಿಮ್ಮ ಪುಟಕ್ಕೆ ಅದು ಬರುತ್ತಿದೆಯೇ ನೋಡಿದ್ದೀರಾ? ಪುಟದ ಕೋಡ್‌ನ ತಲೆಭಾಗದಲ್ಲಿ ಓಪನ್ ಗ್ರಾಫ್ ಟ್ಯಾಗ್‌ಗಳು (ಕಾರ್ಡ್‌ನಲ್ಲಿ ಏನು ತೋರಿಸಬೇಕೆಂದು ಹೇಳುವ ಸಾಲುಗಳು) ಇರಬೇಕು. ಫೇಸ್‌ಬುಕ್ 2010ರಲ್ಲಿ ತಂದ ಪದ್ಧತಿ ಇದು, ಈಗ ವಾಟ್ಸಾಪ್, ಲಿಂಕ್ಡ್‌ಇನ್, ಟೆಲಿಗ್ರಾಂ ಎಲ್ಲವೂ ಇದನ್ನೇ ಓದುತ್ತವೆ. ಶೀರ್ಷಿಕೆ, ವಿವರಣೆ, ಚಿತ್ರ, ಪುಟದ ವಿಳಾಸ, ನಾಲ್ಕು ಟ್ಯಾಗ್ ಸಾಕು. ಪುಟವನ್ನು ವರ್ಡ್‌ಪ್ರೆಸ್‌ನಲ್ಲಿ ಮಾಡಿದ್ದರೆ ಯೋಸ್ಟ್ ಅಥವಾ ರ‍್ಯಾಂಕ್ ಮ್ಯಾತ್ ಪ್ಲಗಿನ್‌ನ ಸೋಶಿಯಲ್ ವಿಭಾಗದಲ್ಲಿ ತುಂಬಿದರೆ ಆಯಿತು.

ಚಿತ್ರ 1200×630 ಪಿಕ್ಸೆಲ್, ಜೆಪಿಜಿ, 300 ಕೆಬಿಯೊಳಗೆ ಇರಲಿ. ತೂಕ ಹೆಚ್ಚಾದರೆ ವಾಟ್ಸಾಪ್ ಕೆಲವೊಮ್ಮೆ ಚಿತ್ರ ಬಿಟ್ಟು ಬರೀ ಅಕ್ಷರ ತೋರಿಸುತ್ತದೆ. ಕೆಲವು ಕಡೆ ಕಾರ್ಡ್ ಚೌಕವಾಗಿ ಕತ್ತರಿಸಿ ಕಾಣುವುದರಿಂದ ತಿಂಡಿಯೂ ಅಕ್ಷರವೂ ಚಿತ್ರದ ನಡುಮಧ್ಯೆ ಇರಲಿ. ಚಿತ್ರದ ವಿಳಾಸವನ್ನು ಟ್ಯಾಗ್‌ನಲ್ಲಿ ಎಚ್‌ಟಿಟಿಪಿಎಸ್‌ನಿಂದ ಶುರುವಾಗುವ ಪೂರ್ಣ ರೂಪದಲ್ಲೇ ಕೊಡಬೇಕು, ಅರ್ಧ ವಿಳಾಸ ಕೊಟ್ಟು ಕೈ ಸುಟ್ಟುಕೊಂಡವರೇ ಹೆಚ್ಚು.

ಟ್ಯಾಗ್ ಸರಿಪಡಿಸಿದ ಮೇಲೂ ಹಳೆಯ ಚಿತ್ರವೇ ಬರುತ್ತಿದ್ದರೆ ಗಾಬರಿ ಬೇಡ, ಅದು ಹಿಂದೆ ಕೂಡಿಟ್ಟ ಪ್ರತಿ. ಫೇಸ್‌ಬುಕ್‌ನ ಶೇರಿಂಗ್ ಡಿಬಗ್ಗರ್‌ನಲ್ಲಿ ವಿಳಾಸ ಹಾಕಿ "ಸ್ಕ್ರೇಪ್ ಅಗೇನ್" ಒತ್ತಿ. ವಾಟ್ಸಾಪ್‌ಗೆ ಅಂಥ ಬಟನ್ ಇಲ್ಲ. ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ "ವಿ=2" ಎಂದು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿದರೆ ಹೊಸ ಲಿಂಕ್ ಎಂದುಕೊಂಡು ಹೊಸದಾಗಿ ಓದುತ್ತದೆ. ಅಲ್ಲದೆ ವಾಟ್ಸಾಪ್ ಕಾರ್ಡ್ ತಯಾರಾಗುವುದು ಕಳಿಸುವವರ ಫೋನಿನಲ್ಲಿ. ಲಿಂಕ್ ಅಂಟಿಸಿದ ಕೂಡಲೇ ಕಳಿಸಿಬಿಟ್ಟರೆ ಬರೀ ನೀಲಿ ಸಾಲು ಹೋಗುತ್ತದೆ. ಕಾರ್ಡ್ ಮೂಡುವ ತನಕ ಎರಡು ಸೆಕೆಂಡ್ ಕಾಯಬೇಕು.

ಪ್ರಶ್ನೆ (ಡೊಂಬಿವಲಿ): ಕಾರ್ಡ್ ಬರುತ್ತಿರಲಿಲ್ಲ ಸಾರ್, ಈಗ ಸರಿ ಮಾಡಿಸಿದೆ. ವಾಟ್ಸಾಪ್‌ನಲ್ಲಿ ಬ್ರಾಡ್‌ಕಾಸ್ಟ್ ಒಳ್ಳೆಯದೋ, ಗುಂಪೋ, ಚಾನೆಲ್ಲೋ?

ಉತ್ತರ (ಡಿಜಿಟಲ್ ಮಾರ್ಕೆಟಿಂಗ್, ಮುಲುಂಡ್): ಬ್ರಾಡ್‌ಕಾಸ್ಟ್ ಅಂದರೆ ಒಂದೇ ಸಂದೇಶವನ್ನು ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಕಳಿಸುವುದು, ಒಂದು ಪಟ್ಟಿಗೆ 256 ಜನ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಹಾಗಾಗಿ ಪ್ರತಿ ಆರ್ಡರ್ ಡಬ್ಬದ ಮೇಲೆ "ಈ ನಂಬರ್ ಸೇವ್ ಮಾಡಿಕೊಳ್ಳಿ" ಎಂಬ ಚೀಟಿ ಅಂಟಿಸಿ. ಸ್ಟೇಟಸ್‌ಗೂ ಇದೇ ಲೆಕ್ಕ, ಇಬ್ಬರ ಫೋನಿನಲ್ಲೂ ನಂಬರ್ ಇರಬೇಕು. ಗುಂಪಿಗೆ 1024 ಜನರ ತನಕ ಜಾಗ ಇದೆ, ಆದರೆ ವ್ಯಾಪಾರದ ಗುಂಪು ಅಂದಕೂಡಲೇ ಜನ ಮ್ಯೂಟ್ ಮಾಡುತ್ತಾರೆ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದೂ ಹೆಂಗಸರಿಗೆ ಕಿರಿಕಿರಿ. ಚಾನೆಲ್ 2023ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಬಂತು. ಅದರಲ್ಲಿ ನಂಬರ್ ಕಾಣುವುದಿಲ್ಲ, ಸಂಖ್ಯೆಯ ಮಿತಿಯ ಚಿಂತೆ ಇಲ್ಲ, ಆದರೆ ಅದನ್ನು ತೆರೆದು ನೋಡುವ ಅಭ್ಯಾಸ ಎಲ್ಲರಿಗಿಲ್ಲ. ನಿಮ್ಮ ಮಟ್ಟಕ್ಕೆ ಬ್ರಾಡ್‌ಕಾಸ್ಟ್ ಮತ್ತು ಸ್ಟೇಟಸ್ ಸಾಕು, ವಾರಕ್ಕೆ ಒಂದೇ ಸಲ.

ಫಾರ್ವರ್ಡ್ ಒಮ್ಮೆಗೆ ಐದು ಚಾಟ್‌ಗೆ ಮಾತ್ರ. ಬಹಳ ಕೈ ದಾಟಿ ಜೋಡಿ ಬಾಣದ ಗುರುತು ಬಿದ್ದ ಮೇಲೆ ಒಮ್ಮೆಗೆ ಒಂದೇ ಚಾಟ್‌ಗೆ ಹೋಗುತ್ತದೆ. ಆ ಗುರುತು ಕಂಡರೆ ಜನ ಓದದೆ ಬಿಡುವುದೂ ಉಂಟು. ಆದ್ದರಿಂದ ಪುಟದಲ್ಲೇ ವಾಟ್ಸಾಪ್ ಶೇರ್ ಬಟನ್ ಇಡಿ. ಅದರಿಂದ ಹೋದ ಸಂದೇಶ ಹೊಸದಾಗಿ ಹುಟ್ಟುತ್ತದೆ, ಗುರುತು ಇರುವುದಿಲ್ಲ.

ಪುಟದಿಂದ ನೇರ ನಿಮ್ಮ ಚಾಟ್‌ಗೆ ಬರುವ ಲಿಂಕ್ ಮಾಡುವಾಗ ನಂಬರ್ 91ರಿಂದ ಶುರುವಾಗಬೇಕು. ಮೊದಲು ಸೊನ್ನೆಯಾಗಲಿ ಪ್ಲಸ್ ಚಿಹ್ನೆಯಾಗಲಿ ನಡುವೆ ಗೆರೆಯಾಗಲಿ ಇರಬಾರದು.

ಪ್ರಶ್ನೆ (ಪುಣೆ, ಹಿಂಜೆವಾಡಿ): ಮಕ್ಕಳಿಗೆ ವಾರಾಂತ್ಯದಲ್ಲಿ ಕನ್ನಡ ಕಲಿಸುತ್ತೇವೆ, ಸೇರಲು ಗೂಗಲ್ ಫಾರ್ಮ್ ಇದೆ. ಮೂರು ತೊಂದರೆ. ಪುಟಕ್ಕೆ ಬಂದವರ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್‌ನಲ್ಲಿ ಬಹುಪಾಲು ಜನ "ಡೈರೆಕ್ಟ್" ಎಂದೇ ತೋರಿಸುತ್ತದೆ, ಯಾವ ಪೋಸ್ಟ್‌ನಿಂದ ಬಂದರೋ ಗೊತ್ತಾಗುವುದಿಲ್ಲ. ವಿಳಾಸವನ್ನು ಕನ್ನಡದಲ್ಲೇ ಇಟ್ಟಿದ್ದೇವೆ, ಹಂಚಿದರೆ ಶೇಕಡಾ ಚಿಹ್ನೆಗಳ ಉದ್ದ ಬಾಲ ಬರುತ್ತದೆ. ಇನ್‌ಸ್ಟಾಗ್ರಾಂನಿಂದ ಬಂದವರಲ್ಲಿ ಕೆಲವರಿಗೆ ಫಾರ್ಮೇ ತೆರೆಯುವುದಿಲ್ಲವಂತೆ.

ಉತ್ತರ (ವೆಬ್ ಡೆವಲಪರ್, ಪುಣೆ): ವಾಟ್ಸಾಪ್‌ನಿಂದ ಒತ್ತಿದಾಗ ಎಲ್ಲಿಂದ ಬಂದರು ಎಂಬ ಮಾಹಿತಿ ಹೆಚ್ಚಾಗಿ ಜೊತೆಗೆ ಬರುವುದಿಲ್ಲ, ಅದಕ್ಕೇ "ಡೈರೆಕ್ಟ್" ರಾಶಿಗೆ ಬೀಳುತ್ತದೆ. ಹಂಚುವ ಪ್ರತಿ ಲಿಂಕ್‌ಗೂ ಯುಟಿಎಂ ಗುರುತು (ಎಲ್ಲಿಂದ ಬಂದರೆಂದು ಹೇಳಲು ವಿಳಾಸದ ಕೊನೆಗೆ ಸೇರಿಸುವ ಪದಗಳು) ಅಂಟಿಸಿ. ಸೋರ್ಸ್ ಅಂದರೆ ವಾಟ್ಸಾಪ್ ಅಥವಾ ಫೇಸ್‌ಬುಕ್, ಮೀಡಿಯಂ ಎಂಬಲ್ಲಿ "ಸೋಶಿಯಲ್", ಕ್ಯಾಂಪೇನ್ ಎಂಬಲ್ಲಿ ಆ ಪೋಸ್ಟ್‌ನ ಹೆಸರು. ಗೂಗಲ್‌ನ ಕ್ಯಾಂಪೇನ್ ಯುಆರ್‌ಎಲ್ ಬಿಲ್ಡರ್ ಉಚಿತವಾಗಿ ಮಾಡಿಕೊಡುತ್ತದೆ. ಎಲ್ಲವೂ ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ ಇರಲಿ, ದೊಡ್ಡಕ್ಷರ ಒಮ್ಮೆ, ಸಣ್ಣಕ್ಷರ ಒಮ್ಮೆ ಆದರೆ ವರದಿಯಲ್ಲಿ ಎರಡು ಬೇರೆ ಸಾಲಾಗುತ್ತದೆ. ನಿಮ್ಮದೇ ಸೈಟಿನ ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವ ಲಿಂಕ್‌ಗೆ ಮಾತ್ರ ಇದನ್ನು ಹಚ್ಚಬೇಡಿ, ಜನ ಮೊದಲು ಎಲ್ಲಿಂದ ಬಂದರೆಂಬ ಲೆಕ್ಕ ಕಲಸುಮೇಲೋಗರವಾಗುತ್ತದೆ. ವರದಿಯಲ್ಲಿ ಅಕ್ವಿಸಿಷನ್, ಅದರೊಳಗೆ ಟ್ರಾಫಿಕ್ ಅಕ್ವಿಸಿಷನ್ ತೆರೆದು "ಸೆಷನ್ ಸೋರ್ಸ್/ಮೀಡಿಯಂ" ಆರಿಸಿ. ಪೂರ್ತಿ ಅಂಕಿ ಕೂಡಿಬರಲು 24ರಿಂದ 48 ಗಂಟೆ ಹಿಡಿಯಬಹುದು. ಲಿಂಕ್ ಸರಿಯಿದೆಯೇ ಎಂದು ಆಗಲೇ ನೋಡಲು ರಿಯಲ್‌ಟೈಮ್ ವರದಿ ಇದೆ.

ವಿಳಾಸದ ಬಾಲದ ಕಾರಣ ಸರಳ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಕಂಪ್ಯೂಟರ್ ಬೈಟ್‌ಗಳಾಗಿ ಬರೆದಿಡುವ ಪದ್ಧತಿ) ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್, ವಿಳಾಸದಲ್ಲಿ ಪ್ರತಿ ಬೈಟ್‌ಗೆ ಶೇಕಡಾ ಚಿಹ್ನೆ ಸೇರಿ 3 ಅಕ್ಷರ. "ಕನ್ನಡ" ಎಂಬುದರಲ್ಲಿ ಅರ್ಧಾಕ್ಷರದ ಗುರುತೂ ಸೇರಿ 5 ಸಂಕೇತ, ಅಂದರೆ 45 ಅಕ್ಷರ! ಅಭಿಮಾನ ಶೀರ್ಷಿಕೆಯಲ್ಲೂ ಪುಟದಲ್ಲೂ ಇರಲಿ, ವಿಳಾಸ ಮಾತ್ರ ಇಂಗ್ಲಿಷ್ ಲಿಪಿಯಲ್ಲಿ ಮೂರು–ನಾಲ್ಕು ಪದ ಸಾಕು. ಹಳೆಯ ಕನ್ನಡ ವಿಳಾಸಗಳಿಂದ ಹೊಸದಕ್ಕೆ 301 ರೀಡೈರೆಕ್ಟ್ (ಹಳೆಯದನ್ನು ಒತ್ತಿದವರನ್ನು ತಾನಾಗಿ ಹೊಸದಕ್ಕೆ ಕಳಿಸುವ ವ್ಯವಸ್ಥೆ) ಹಾಕದೆ ಬದಲಿಸಬೇಡಿ, ಈಗಾಗಲೇ ಹಂಚಿದ ಲಿಂಕ್‌ಗಳೆಲ್ಲ ಸತ್ತುಹೋಗುತ್ತವೆ. ಅಂದಹಾಗೆ ನುಡಿ, ಬರಹದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಅಂಟಿಸಿದರೆ ಕಾರ್ಡ್‌ನಲ್ಲೂ ಗೂಗಲ್‌ನಲ್ಲೂ ಗೀಚಿದಂತೆ ಕಾಣುತ್ತದೆ.

ಫಾರ್ಮ್ ವಿಷಯ: ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಲಿಂಕನ್ನು ತಮ್ಮೊಳಗಿನ ಬ್ರೌಸರ್‌ನಲ್ಲೇ ತೆರೆಯುತ್ತವೆ. ಅಲ್ಲಿ ಜನ ಗೂಗಲ್‌ಗೆ ಲಾಗಿನ್ ಆಗಿರುವುದಿಲ್ಲ, ಅಂಥ ಬ್ರೌಸರ್‌ನಲ್ಲಿ ಲಾಗಿನ್ ಆಗಲು ಗೂಗಲ್ ಅಡ್ಡಿಯನ್ನೂ ಒಡ್ಡುತ್ತದೆ. ನಿಮ್ಮ ಫಾರ್ಮ್‌ನಲ್ಲಿ ಫೈಲ್ ಅಪ್‌ಲೋಡ್ ಪ್ರಶ್ನೆ ಅಥವಾ "ಒಬ್ಬರಿಗೆ ಒಂದೇ ಉತ್ತರ" ಎಂಬ ಮಿತಿ ಇರಬೇಕು, ಎರಡಕ್ಕೂ ಲಾಗಿನ್ ಕಡ್ಡಾಯ. ಎರಡನ್ನೂ ತೆಗೆಯಿರಿ. ಮಗುವಿನ ಫೋಟೊ ಬೇಕಿದ್ದರೆ ಆಮೇಲೆ ತರಿಸಿಕೊಳ್ಳಬಹುದು.

ಪ್ರಶ್ನೆ (ಗೋವಾ, ಮಡಗಾಂವ್): ಚಿಕ್ಕ ಹೋಮ್‌ಸ್ಟೇ ಇದೆ. ಹುಬ್ಬಳ್ಳಿ, ಬೆಳಗಾವಿ ಕಡೆಯವರೇ ಹೆಚ್ಚು. ರೀಲ್ಸ್ ಹಾಕಿದರೆ ನೋಡುತ್ತಾರೆ, ಪುಟಕ್ಕೆ ಬರುವುದಿಲ್ಲ.

ಉತ್ತರ (ಡಿಜಿಟಲ್ ಮಾರ್ಕೆಟಿಂಗ್, ಮುಲುಂಡ್): ಇನ್‌ಸ್ಟಾಗ್ರಾಂನಲ್ಲಿ ಕ್ಯಾಪ್ಷನ್‌ನೊಳಗೆ ಹಾಕಿದ ಲಿಂಕ್ ಒತ್ತಲು ಬರುವುದಿಲ್ಲ ಅಣ್ಣಾ, ಬರೀ ಅಕ್ಷರ ಅದು. ದಾರಿ ಇರುವುದು ಬಯೋ, ಸ್ಟೋರಿ, ಮೆಸೇಜ್. ಬಯೋದಲ್ಲಿ ಐದು ಲಿಂಕ್ ತನಕ ಹಾಕಬಹುದು, ಆದರೆ ಒಂದಕ್ಕಿಂತ ಹೆಚ್ಚಿದ್ದರೆ ಉಳಿದವು ಒಂದರ ಹಿಂದೆ ಅಡಗುತ್ತವೆ, ಒಂದೇ ಇಡಿ. ಸ್ಟೋರಿಗೆ ಲಿಂಕ್ ಸ್ಟಿಕ್ಕರ್ 2021ರ ಅಕ್ಟೋಬರ್‌ನಿಂದ ಎಲ್ಲ ಖಾತೆಗೂ ಇದೆ. ಅದರ ಮೇಲಿನ ಬರಹ ಬದಲಿಸಿ "ಮಳೆಗಾಲದ ದರ" ಎಂದೋ "ದಾರಿ ಹೇಗೆ" ಎಂದೋ ಹಾಕಿ. 24 ಗಂಟೆಯಲ್ಲಿ ಮಾಯವಾಗದಿರಲು ಹೈಲೈಟ್‌ಗೆ ಸೇರಿಸಿ. ರೀಲ್ ಕೊನೆಯಲ್ಲಿ "ದಾರಿ ಬೇಕಿದ್ದವರು ಕಾಮೆಂಟ್‌ನಲ್ಲಿ ದಾರಿ ಎನ್ನಿ" ಎಂದು ಕೇಳಿ, ಬರೆದವರಿಗೆ ಲಿಂಕನ್ನು ಮೆಸೇಜ್ ಮಾಡಿ. ಪ್ರೊಫೆಷನಲ್ ಖಾತೆಯಲ್ಲಿ ಸೇವ್ಡ್ ರಿಪ್ಲೈ ಇರುವುದರಿಂದ ಪ್ರತಿ ಸಲ ಟೈಪ್ ಮಾಡುವ ಗೋಜಿಲ್ಲ.

ಪುಟದಲ್ಲಿ ಏನಿರಬೇಕು? ರೂಮಿನ ಫೋಟೊ ಎಲ್ಲರೂ ಹಾಕುತ್ತಾರೆ. ನಿಮ್ಮ ಗಿರಾಕಿ ಕೇಳುವುದು ಬೇರೆ: ಬೆಳಗಾವಿಯಿಂದ ಚೋರ್ಲಾ ಘಾಟ್ ಒಳ್ಳೆಯದೋ ಅನಮೋಡ್ ಘಾಟ್ ಒಳ್ಳೆಯದೋ, ಮಳೆಗಾಲದಲ್ಲಿ ಕಡಲಿಗೆ ಇಳಿಯಬಹುದೇ, ಬೀಚಿನ ಶ್ಯಾಕ್‌ಗಳು ಇರುತ್ತವೆಯೇ, ದೂಧಸಾಗರಕ್ಕೆ ಕುಳೆಂನಿಂದ ಜೀಪ್ ಯಾವಾಗ ನಿಲ್ಲುತ್ತದೆ, ಶಾಕಾಹಾರಿ ಊಟ ಎಲ್ಲಿ. ಇದನ್ನೆಲ್ಲ ಒಂದು ಪುಟದಲ್ಲಿ ಕನ್ನಡದಲ್ಲಿ ಕೊಟ್ಟು ಪ್ರತಿ ತಿಂಗಳು ತಿದ್ದುತ್ತಿದ್ದರೆ ಹುಬ್ಬಳ್ಳಿಯ ಫ್ಯಾಮಿಲಿ ಗುಂಪುಗಳಲ್ಲಿ ತಾನಾಗಿ ಓಡಾಡುತ್ತದೆ. ಹಳಸಿದ ಮಾಹಿತಿ ಇದ್ದರೆ ಮಾತ್ರ ಬೈಗುಳವೂ ತಾನಾಗಿ ಬರುತ್ತದೆ. ಒಂದೊಂದು ಪ್ರಶ್ನೆಗೆ ಒಂದೊಂದು ರೀಲ್, 1080×1920ರಲ್ಲಿ, ಮೊದಲ ಸೆಕೆಂಡಿನಲ್ಲೇ ಪ್ರಶ್ನೆ ತೆರೆಯ ಮೇಲೆ ಕನ್ನಡದಲ್ಲಿ ಬರಲಿ. ಬಿಸಿನೆಸ್ ಖಾತೆಗೆ ಸಿನಿಮಾ ಹಾಡುಗಳು ಸಿಗದೇ ಹೋಗಬಹುದು, ನಿಮ್ಮ ದನಿಯಲ್ಲೇ ಹೇಳಿ.

ಗೂಗಲ್ ಹುಡುಕಾಟದಲ್ಲೂ ಮ್ಯಾಪ್‌ನಲ್ಲೂ ನಿಮ್ಮ ವ್ಯಾಪಾರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ವೆಬ್‌ಸೈಟ್ ಜಾಗ ಖಾಲಿ ಬಿಟ್ಟಿದ್ದರೆ ಇವತ್ತೇ ತುಂಬಿ.

ಪ್ರಶ್ನೆ (ಪುಣೆ): "ನೀವು ನಮ್ಮದನ್ನು ಕ್ಲಿಕ್ ಮಾಡಿ, ನಾವು ನಿಮ್ಮದನ್ನು ಮಾಡುತ್ತೇವೆ" ಎಂಬ ಗುಂಪಿಗೆ ಕರೆಯುತ್ತಿದ್ದಾರೆ. ದಿನಕ್ಕೆ ಸಾವಿರ ಜನ, ಪೂರ್ತಿ ಫ್ರೀ ಅಂತೆ. ಸೇರಬಹುದಾ?

ಉತ್ತರ (ಡಿಜಿಟಲ್ ಮಾರ್ಕೆಟಿಂಗ್, ಮುಲುಂಡ್): ಬೇಡ ಮಾರಾಯ್ರೆ. ಬಂದವರು ಎರಡು ಸೆಕೆಂಡ್ ನಿಂತು ಹೋಗುತ್ತಾರೆ, ಒಂದು ಫೋನ್ ಕರೆಯೂ ಬರುವುದಿಲ್ಲ, ಅನಾಲಿಟಿಕ್ಸ್ ಅಂಕಿ ನಂಬುವ ಹಾಗಿರುವುದಿಲ್ಲ. ಪುಟದಲ್ಲಿ ಆ್ಯಡ್‌ಸೆನ್ಸ್ (ಗೂಗಲ್ ಜಾಹೀರಾತು ತೋರಿಸಿ ದುಡ್ಡು ಪಡೆಯುವ ವ್ಯವಸ್ಥೆ) ಇದ್ದರಂತೂ ಇಂಥ ವಿನಿಮಯ ನಿಯಮಕ್ಕೆ ವಿರುದ್ಧ, ಖಾತೆಯೇ ಹೋಗಬಹುದು.

ಪ್ರಶ್ನೆ (ಡೊಂಬಿವಲಿ): ಕೊನೆಯದೊಂದು. ಮಗಳು ಯೂಟ್ಯೂಬ್ ಶಾರ್ಟ್ಸ್ ಮಾಡು ಅನ್ನುತ್ತಾಳೆ. ಅದರಿಂದ ಪುಟಕ್ಕೆ ಬರುತ್ತಾರಾ?

ಉತ್ತರ (ವೆಬ್ ಡೆವಲಪರ್, ಪುಣೆ): ನೇರವಾಗಿ ಇಲ್ಲ. ಶಾರ್ಟ್ಸ್‌ನ ವಿವರಣೆ, ಕಾಮೆಂಟ್‌ಗಳಲ್ಲಿನ ಲಿಂಕ್ 2023ರ ಆಗಸ್ಟ್ ಕೊನೆಯಿಂದ ಒತ್ತಲು ಬರುವುದಿಲ್ಲ. ಪತ್ರೊಡೆಯ ಆರೇಳು ನಿಮಿಷದ ಉದ್ದ ವೀಡಿಯೊ ಒಂದು ಮಾಡಿ ಅದರ ವಿವರಣೆಯ ಮೊದಲ ಸಾಲಿನಲ್ಲೇ ಪುಟದ ಲಿಂಕ್ ಹಾಕಿ. ಶಾರ್ಟ್ಸ್‌ನಲ್ಲಿ "ರಿಲೇಟೆಡ್ ವೀಡಿಯೊ" ಎಂದು ಆ ಉದ್ದ ವೀಡಿಯೊವನ್ನು ಜೋಡಿಸಬಹುದು. ಹೊಸ ಚಾನೆಲ್‌ಗೆ ಹೊರಗಿನ ಲಿಂಕ್ ಒತ್ತಲು ಬರುವಂತಾಗಬೇಕಾದರೆ ಯೂಟ್ಯೂಬ್ ಸ್ಟುಡಿಯೊದ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಫೀಚರ್ಸ್ ತೆರೆದಿರಬೇಕು. ಮೊದಲು ಅದನ್ನು ನೋಡಿಕೊಂಡು ಆಮೇಲೆ ಎಲೆ ತನ್ನಿ.